ಬಸ್ಸಿನಲ್ಲಿ ಫ್ಯಾನ್ಸಿ ಕೋಳಿಮೊಟ್ಟೆ ತರಿಸುವವರೇ, ದುಡ್ಡು ಹಾಕುವ ಮೊದಲು ಇದನ್ನು ಓದಿ

ಚೆಂದದ ಹುಂಜದ ರೀಲ್ಸ್ ಹಾಕಿ, ‘ಮರಿಯಾಗುವ ಮೊಟ್ಟೆ, ಗ್ಯಾರಂಟಿ, ಪುಣೆ-ಮುಂಬೈಗೆ ಪಾರ್ಸೆಲ್’ ಎಂದು ಮಾರುವವರು ಹೆಚ್ಚಾಗಿದ್ದಾರೆ. ಈ ಬೇಸಿಗೆಯಲ್ಲಿ ಪುಣೆಯ ಧಾಯರಿ ಕಡೆ ಇರುವ ಕನ್ನಡಿಗರ ಮನೆಯೊಂದಕ್ಕೆ ಹಾಗೆ 24 ಮೊಟ್ಟೆ ಬಂದವು. ಸಿಲ್ಕಿ 8, ಬ್ರಹ್ಮ 8, ನೀಲಿ ಮೊಟ್ಟೆ ಇಡುವ ತಳಿಯದು 8. ಹಣ ಪೂರ್ತಿ ಮುಂಗಡ. ಕೊನೆಗೆ ಸಿಕ್ಕಿದ್ದು ಐದು ಮರಿ, ಒಂದೂ ಹೇಳಿದ ತಳಿಯದಲ್ಲ. ಮಾರಿದವನ ಉತ್ತರ ಒಂದೇ: ‘ನಿಮ್ಮ ಮಷೀನ್ (ಮೊಟ್ಟೆಗೆ ಕಾವು ಕೊಡುವ ಇನ್‌ಕ್ಯುಬೇಟರ್) ಸರಿ ಇಲ್ಲ.’ ಈ ಮಾತಿಗೆ ಎದುರು ಹೇಳಲು ಪುರಾವೆ ಮೊದಲ ವಾರದಲ್ಲೇ ಕೈಯಲ್ಲಿರಬೇಕು. ಮರಿ ಹೊರಬರುವ 21ನೇ ದಿನ ಜಗಳಕ್ಕೆ ನಿಂತರೆ ಏನೂ ಗಿಟ್ಟುವುದಿಲ್ಲ.

ಮೊದಲು ಪಾರ್ಸೆಲ್ ವಿಷಯ. ಚಪ್ಪಲಿ ಡಬ್ಬಿಯಲ್ಲಿ ಹೊಟ್ಟು ತುಂಬಿ ಮೊಟ್ಟೆಗಳನ್ನು ಅಡ್ಡಡ್ಡ ಮಲಗಿಸಿದ್ದರು. ಕೊಲ್ಹಾಪುರದಿಂದ ರಾತ್ರಿ ಬಸ್ಸು, ಡಬ್ಬಿ ಇಟ್ಟದ್ದು ಎಂಜಿನ್ ಪಕ್ಕದ ಡಿಕ್ಕಿಯಲ್ಲಿ. ಮೊಟ್ಟೆಯೊಳಗಿನ ಜೀವ ಸುಮಾರು 20 ಡಿಗ್ರಿಯ ಕೆಳಗೆ ಸುಮ್ಮನಿರುತ್ತದೆ. 27 ದಾಟಿದರೆ ಅರ್ಧಂಬರ್ಧ ಬೆಳೆಯಲು ಶುರುಮಾಡಿ, ತಂಪಾದಾಗ ನಿಂತು, ಆಮೇಲೆ ಕಾವು ಕೊಟ್ಟರೂ ಸಾಯಬಹುದು. ಮೇ ತಿಂಗಳ ಡಿಕ್ಕಿ ಎಷ್ಟು ಬಿಸಿ ಇರುತ್ತದೆಂದು ಬೇರೆ ಹೇಳಬೇಕೇ? ತರಿಸಲೇಬೇಕೆಂದರೆ ನವೆಂಬರ್-ಫೆಬ್ರವರಿಯಲ್ಲಿ ತರಿಸಿ. ಇಟ್ಟು 7 ದಿನದೊಳಗಿನ ಮೊಟ್ಟೆ, ಚೂಪು ತುದಿ ಕೆಳಗೆ, ಒಂದೊಂದಕ್ಕೂ ಫೋಮ್ ಗುಳಿ.

ಬಂದ ಕೂಡಲೇ ಮಷೀನಿಗೆ ಹಾಕಬೇಡಿ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಅಗಲ ತುದಿ ನೋಡಿ. ಅಲ್ಲಿನ ಗಾಳಿಗುಳ್ಳೆ ಅಲುಗಾಡದೆ ಇರಬೇಕು. ಮೊಟ್ಟೆ ವಾಲಿಸಿದಂತೆ ಅದೂ ಓಡಾಡಿದರೆ ಕುಲುಕಾಟಕ್ಕೆ ಪೊರೆ ಬಿಟ್ಟಿದೆ ಎಂದರ್ಥ. ವಿಡಿಯೊ ತೆಗೆದು ಆಗಲೇ ಮಾರಿದವನಿಗೆ ಕಳಿಸಿ. ಎಲ್ಲವನ್ನೂ ಅಗಲ ತುದಿ ಮೇಲಾಗಿ 24 ಗಂಟೆ ತಂಪು ಜಾಗದಲ್ಲಿಡಿ, ತೊಳೆಯಬೇಡಿ. ಗುಳ್ಳೆ ಅಲುಗಾಡುವವನ್ನು ಟ್ರೇಯಲ್ಲಿ ನಿಲ್ಲಿಸಿಯೇ ಕಾವಿಗಿಟ್ಟು, ಮೊದಲ ಎರಡು-ಮೂರು ದಿನ ತಿರುಗಿಸುವ ಮೋಟಾರ್ ಬಂದ್ ಮಾಡಿ.

ಏಳನೇ ದಿನ ಮತ್ತೆ ಟಾರ್ಚ್ ಹಿಡಿದಾಗ 24ರಲ್ಲಿ ಏಳರಲ್ಲಿ ಮಾತ್ರ ರಕ್ತನಾಳಗಳ ಬಲೆ ಕಂಡಿತು. ನಾಲ್ಕರಲ್ಲಿ ಕೆಂಪು ಉಂಗುರ, ಅಂದರೆ ಬೆಳೆಯಲು ಶುರುವಾಗಿ ಸತ್ತವು. ಇದಕ್ಕೆ ಪ್ರಯಾಣದ ಬಿಸಿಯೂ ಕಾರಣವಾಗಬಹುದು, ಮಷೀನೂ ಆಗಬಹುದು. ಉಳಿದ 13 ಪೂರ್ತಿ ಖಾಲಿ. ಇಂಥವನ್ನು ಹೊರಗೆಸೆಯಬೇಡಿ, ತಟ್ಟೆಗೆ ಒಡೆಯಿರಿ. ಹಳದಿಯ ಮೇಲೆ ಸುಮಾರು 3 ಮಿಲಿಮೀಟರಿನ, ಅಂಚು ಸರಿಯಿಲ್ಲದ ಬಿಳಿ ಚುಕ್ಕೆ ಮಾತ್ರ ಇದ್ದರೆ ಅದು ಫಲಗೊಂಡೇ ಇರಲಿಲ್ಲ. ಅಗಲವಾದ ಬಿಳಚು ಬಿಲ್ಲೆ ಅಥವಾ ಉಂಗುರ ಕಂಡರೆ ಜೀವ ಇದ್ದು ಬೇಗ ಸತ್ತಿದೆ. ಫಲಗೊಳ್ಳದ ಮೊಟ್ಟೆಯನ್ನು ಯಾವ ಮಷೀನೂ ಮರಿ ಮಾಡಲಾರದು, ಹಾಗಾಗಿ ಈ ಚುಕ್ಕೆಯ ಫೋಟೊ ಹತ್ತಿರದಿಂದ, ಸ್ಪಷ್ಟವಾಗಿ ತೆಗೆದಿಡಿ.

ಇಲ್ಲೇ ದೊಡ್ಡ ಮೋಸವೂ ಬಯಲಾಯಿತು. ‘ನೀಲಿ’ ಮೊಟ್ಟೆ ಎಂಟಕ್ಕೆ ಎಂಟೂ ಖಾಲಿ, ಒಡೆದ ಚಿಪ್ಪಿನ ಒಳಗೆ ಹಾಲಿನಂಥ ಬಿಳಿ. ಹುಟ್ಟು ನೀಲಿಯ ಬಣ್ಣ ಚಿಪ್ಪಿನ ದಪ್ಪಕ್ಕೂ ಇಳಿದಿರುತ್ತದೆ, ಒಳಗೂ ನೀಲಿಯೇ. (ಕಂದು ಮಾತ್ರ ಮೇಲ್ಪದರದ ಬಣ್ಣ.) ಪಂಜರದಲ್ಲಿ ಹುಂಜವಿಲ್ಲದೆ ಮೊಟ್ಟೆ ಇಡುವ ಫಾರಂ ಕೋಳಿಯ ಬಿಳಿ ಮೊಟ್ಟೆಗೆ ಬಣ್ಣ ಹಾಕಿದ್ದರು ಅಷ್ಟೇ. ಮುಂದೆ ಕೊಳ್ಳುವವರು ಒಡೆದ ಚಿಪ್ಪಿನ ಒಳಗಿನ ಫೋಟೊ ಕೇಳಿ. ‘ಅಯಾಮ್ ಸೆಮಾನಿಯ ಕಪ್ಪು ಮೊಟ್ಟೆ’ ಎಂದರೆ ಮಾತೇ ಮುಂದುವರಿಸಬೇಡಿ. ಆ ಕೋಳಿ ಒಳಗೂ ಹೊರಗೂ ಕಪ್ಪು, ಮೊಟ್ಟೆ ಮಾತ್ರ ಕೆನೆಬಣ್ಣದ್ದು.

ಮರಿ ಬಂದ ಮೇಲೆ ಕಾಲು ನೋಡಿ. ಸಿಲ್ಕಿಗೆ ಐದು ಬೆರಳು, ಕಪ್ಪು ಚರ್ಮ. ಬಂದ ಮೂರಕ್ಕೂ ನಾಲ್ಕೇ ಬೆರಳು, ಹಳದಿ ಕಾಲು. ಹಾಗಂತ ಐದು ಬೆರಳಿದ್ದರೆ ಅಪ್ಪಟ ಎಂದೂ ಅಲ್ಲ, ಆ ಗುಣ ಕ್ರಾಸ್ ಮರಿಗಳಲ್ಲೂ ಬರುತ್ತದೆ. ರೇಷ್ಮೆಯಂಥ ಪುಕ್ಕ ಬರಬೇಕಾದರೆ ತಂದೆ-ತಾಯಿ ಇಬ್ಬರ ಕಡೆಯಿಂದಲೂ ಆ ಗುಣ ಬರಬೇಕು, ಅದು ತಿಳಿಯುವುದು ಪುಕ್ಕ ಬಲಿತ ಮೇಲೆ. ಬ್ರಹ್ಮದ ಮರಿಗೆ ಹುಟ್ಟುವಾಗಲೇ ಕಾಲ ಮೇಲೆ ನವಿರು ಇರುತ್ತದೆ. ಬಂದ ಎರಡರ ಕಾಲೂ ಬೋಳು, ಸೀದಾ ಗಾವರಾನ್ (ನಾಟಿ) ಕೋಳಿಯವು.

ಎಲ್ಲರೂ ಬೇಕೆಂದೇ ಮೋಸ ಮಾಡುವುದಿಲ್ಲ, ಕೆಲವರಿಗೆ ಸಾಕುವುದೇ ಗೊತ್ತಿಲ್ಲ. ಹೇಟೆಯ ಹೊಟ್ಟೆಯಲ್ಲಿ ಹುಂಜದ ವೀರ್ಯ ಎರಡು-ಮೂರು ವಾರ ಉಳಿಯುತ್ತದೆ. ಬೇರೆ ಗೂಡಿಗೆ ಹಾಕಿ ಮೂರು ವಾರ ಕಾಯದೆ ತೆಗೆದ ಮೊಟ್ಟೆಯಲ್ಲಿ ಹಳೆಯ ಹುಂಜದ ಮರಿಯೇ ಬರಬಹುದು. ಬ್ರಹ್ಮ, ಕೊಚಿನ್‌ನಂಥ ಭಾರದ ಹುಂಜಕ್ಕೆ ಐದಾರು ಹೇಟೆಗಿಂತ ಹೆಚ್ಚು ಬೇಡ, ಹಿಂಭಾಗದ ದಟ್ಟ ಪುಕ್ಕ ಕತ್ತರಿಸದಿದ್ದರೆ ಹುಂಜ ಸೇರಿದರೂ ಫಲ ಕಡಿಮೆಯಾಗಬಹುದು. ‘ಬೂದುನೀಲಿ ಜೋಡಿ, ಮರಿ ಎಲ್ಲ ಅದೇ ಬಣ್ಣ’ ಎನ್ನುವವನನ್ನೂ ನಂಬಬೇಡಿ. ಆ ಜೋಡಿಯಲ್ಲಿ ಸರಾಸರಿ ಅರ್ಧ ಮಾತ್ರ ಬೂದುನೀಲಿ, ಕಾಲು ಭಾಗ ಕಪ್ಪು, ಕಾಲು ಭಾಗ ಬಿಳಿಯ ಮೇಲೆ ಚಿಮುಕಿಸಿದ ಬಣ್ಣ. ಎಲ್ಲವೂ ಬೂದುನೀಲಿ ಬೇಕೆಂದರೆ ಕಪ್ಪನ್ನು ಆ ಚಿಮುಕು ಬಣ್ಣದ್ದಕ್ಕೆ ಕೂಡಿಸಬೇಕು.

ನಿಮ್ಮ ಮಷೀನ್ ಮೇಲೆ ಆರೋಪ ನಿಲ್ಲದಂತೆ ನೋಡಿಕೊಳ್ಳುವುದೂ ನಿಮ್ಮ ಕೆಲಸ. ಫ್ಯಾನ್ ಇದ್ದರೆ 37.5 ಡಿಗ್ರಿ, ಫ್ಯಾನ್ ಇಲ್ಲದ್ದಕ್ಕೆ ಮೊಟ್ಟೆಯ ಮೇಲ್ಮಟ್ಟದಲ್ಲಿ ಅಳೆದು 38.5ರ ಆಸುಪಾಸು. ಡಿಸ್‌ಪ್ಲೇ ನಂಬದೆ ಇನ್ನೊಂದು ಥರ್ಮಾಮೀಟರ್ ಒಳಗಿಡಿ. ತೇವ ಮೊದಲ 18 ದಿನ ನೂರಕ್ಕೆ 45-50, ಆಮೇಲೆ 65-70 ಮಾಡಿ ತಿರುಗಿಸುವುದು ನಿಲ್ಲಿಸಿ. ಮಳೆಗಾಲದಲ್ಲಿ ಪುಣೆಯ ಗಾಳಿಯಲ್ಲೇ ಸಾಕಷ್ಟು ತೇವ ಇರುತ್ತದೆ, ಮುಂಬೈ-ಗೋವಾದಲ್ಲಂತೂ ಕೇಳುವುದೇ ಬೇಡ; ಆಗಲೂ ಮೊದಲ ದಿನದಿಂದ ನೀರು ತುಂಬಿಟ್ಟರೆ ಒಳಗಿನ ನೀರು ಆರದೆ ಮರಿ ಚಿಪ್ಪಲ್ಲೇ ಮುಳುಗಬಹುದು.

ಮೊಟ್ಟೆಯ ಬದಲು ಮರಿ ಕೊಳ್ಳುವವರು ಲಸಿಕೆ ಕೇಳಿ. ಮಾರೆಕ್ಸ್ ಎಂಬ ಕೋಳಿರೋಗದ ಲಸಿಕೆ ಹುಟ್ಟಿದ ದಿನವೇ ಆಗಬೇಕು, ರಾಣಿಕೆಟ್ ರೋಗದ ‘ಲಸೋಟ’ ಲಸಿಕೆ 5ರಿಂದ 7ನೇ ದಿನ. ಲಸಿಕೆಯ ಬಾಟಲಿ ನೂರಾರು ಮರಿಗಾಗುವಷ್ಟು ದೊಡ್ಡದು, ಆದ್ದರಿಂದ ಹತ್ತಿಪ್ಪತ್ತು ಮರಿ ಮಾರುವವನು ಬಹುಮಟ್ಟಿಗೆ ಹಾಕಿರುವುದೇ ಇಲ್ಲ.

ಈ ಮಾರಾಟಗಾರ ಕೊನೆಗೆ ಇನ್ನೊಂದು ಆಮಿಷ ಒಡ್ಡಿದ: ಕಡಕ್‌ನಾಥ್ ಕರಿಕೋಳಿ ಮರಿ ಒಯ್ಯಿರಿ, ಬೆಳೆದ ಮೇಲೆ ನಾವೇ ಕೊಳ್ಳುತ್ತೇವೆ. 2019ರಲ್ಲಿ ಸಾಂಗ್ಲಿ ಜಿಲ್ಲೆಯ ಇಸ್ಲಾಂಪುರದಿಂದ ನಡೆದ ಕಡಕ್‌ನಾಥ್ ಹಗರಣದಲ್ಲಿ ರೈತರ ಕೋಟ್ಯಂತರ ರೂಪಾಯಿ ಮುಳುಗಿದ್ದು ಇದೇ ‘ನಾವೇ ಕೊಳ್ಳುತ್ತೇವೆ’ ಎಂಬ ಮಾತಿಗೆ. ಯುಪಿಐಯಲ್ಲಿ ಹಣ ಹಾಕಿಸಿಕೊಂಡು ಫೋನ್ ಎತ್ತದವನ ಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ತಡವಾದಷ್ಟೂ ಹಣ ಇನ್ನೊಂದು ಖಾತೆಗೆ ದಾಟಿರುತ್ತದೆ.