ಜಿಟಿಎಕ್ಸ್ 1060: ದೀರ್ಘ ಬಳಕೆಯ ನಂತರ, ಹೊಸ ಕಾರ್ಡ್ ಕೊಳ್ಳುವ ಹೊತ್ತು ಬಂದಿದೆಯೇ?

ಎನ್‌ವಿಡಿಯಾ 2016ರ ಜುಲೈನಲ್ಲಿ ಬಿಡುಗಡೆ ಮಾಡಿದ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡಿನ (ಕಂಪ್ಯೂಟರಿನಲ್ಲಿ ಆಟದ ದೃಶ್ಯಗಳನ್ನು ಮೂಡಿಸುವ ಭಾಗ) 6 ಜಿಬಿ ಮೆಮೊರಿಯ ಆವೃತ್ತಿಯನ್ನು ನಾನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಅದಾದ ಮೇಲೆ 2018, 2020, 2022 ಮತ್ತು 2025ರಲ್ಲಿ ಅದೇ ಕಂಪನಿಯ ಮುಂದಿನ ಸರಣಿಯಾದ ಆರ್‌ಟಿಎಕ್ಸ್‌ನ ನಾಲ್ಕು ಪೀಳಿಗೆಗಳು ಬಂದವು. ಪ್ರತಿ ಸಲವೂ ಕೊಳ್ಳುವ ಆಸೆ ಹುಟ್ಟಿತು, ಪ್ರತಿ ಸಲವೂ ಅದನ್ನು ಮುಂದಕ್ಕೆ ಹಾಕಿದೆ. ಇದಕ್ಕೆ ಜಿಪುಣತನ ಸ್ವಲ್ಪ ಕಾರಣವಿರಬಹುದು, ಆದರೆ 1080ಪಿ (1920×1080 ಚುಕ್ಕೆಗಳ) ಪರದೆಗೆ ಈ ಕಾರ್ಡ್ ಬಹುಕಾಲ ಸಾಲುತ್ತಿತ್ತು ಎಂಬುದೇ ಮುಖ್ಯ ಕಾರಣ. 120 ವ್ಯಾಟ್‌ನಷ್ಟೇ ವಿದ್ಯುತ್ ಬೇಡುವ ಇದಕ್ಕೆ ಸಾಧಾರಣ ಪವರ್ ಸಪ್ಲೈ ಸಾಕು.

ಆಟ ನಿಧಾನವಾದೊಡನೆ ಕಾರ್ಡನ್ನು ದೂರುವುದು ಸರಿಯಲ್ಲ. ಫ್ರೇಮ್ ಮಿತಿಯನ್ನು (ಸೆಕೆಂಡಿಗೆ ಎಷ್ಟು ಚಿತ್ರ ಮೂಡಬೇಕೆಂಬ ಮಿತಿ) ತೆಗೆದುಹಾಕಿ, ಆಟದ ನಡುವೆ ಕಾರ್ಡಿನ ಬಳಕೆ ಶೇಕಡ ಎಷ್ಟಿದೆ ಎಂದು ಗಮನಿಸಬೇಕು. ಅದು ನೂರರ ಹತ್ತಿರವೇ ನಿಂತಿದ್ದರೆ ಕಾರ್ಡ್ ದಣಿದಿದೆ ಎಂದರ್ಥ. ಅರವತ್ತು ಎಪ್ಪತ್ತರಲ್ಲಿ ಓಲಾಡುತ್ತಿದ್ದು, ರೆಸಲ್ಯೂಷನ್ ತಗ್ಗಿಸಿದರೂ ಫ್ರೇಮ್‌ಗಳು ಹೆಚ್ಚದಿದ್ದರೆ ತೊಡಕು ಬಹುತೇಕ ಪ್ರೊಸೆಸರ್‌ನದು, ಆಗ ಎಂಥ ದುಬಾರಿ ಕಾರ್ಡ್ ತಂದರೂ ವ್ಯರ್ಥ. ಬಿಸಿಯನ್ನೂ ನೋಡಬೇಕು. ನನ್ನ ಕಾರ್ಡಿನ ಫ್ಯಾನ್ ಸದಾ ಗದ್ದಲ ಮಾಡತೊಡಗಿದಾಗ ಬಿಸಿಯನ್ನು ಹೊರಹಾಕುವ ಲೋಹದ ಹೀಟ್‌ಸಿಂಕ್ ಬಿಚ್ಚಿದೆ. ಚಿಪ್‌ನ ಬಿಸಿಯನ್ನು ಅದಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ, ಬಿರುಕು ಬಿಟ್ಟು, ಚಿಪ್‌ನ ಅಂಚಿಗೆ ಹೆಪ್ಪುಗಟ್ಟಿ ಕೂತಿತ್ತು. ಅದನ್ನು ಒರೆಸಿ ಹೊಸ ಪೇಸ್ಟ್ ಹಚ್ಚಿದ ಮೇಲೆ ಗದ್ದಲವೂ ತಗ್ಗಿತು, ಬಿಸಿಗೆ ಇಳಿಯುತ್ತಿದ್ದ ಕ್ಲಾಕ್ ವೇಗವೂ ಸ್ಥಿರವಾಯಿತು.

ಪೇಸ್ಟ್‌ನಿಂದ ಸರಿಹೋಗದ ಕೊರತೆಯೆಂದರೆ ಮೆಮೊರಿ. ಈಚಿನ ಆಟಗಳಲ್ಲಿ ಸರಾಸರಿ ಫ್ರೇಮ್ ಸಂಖ್ಯೆ ಚೆನ್ನಾಗಿಯೇ ಕಂಡರೂ, ತಿರುವಿನಲ್ಲಿ ಹೊಸ ದೃಶ್ಯ ತೆರೆದುಕೊಳ್ಳುವಾಗ ಚಿತ್ರ ಒಂದು ಕ್ಷಣ ತಡವರಿಸುತ್ತದೆ, ಎದುರಿನ ಗೋಡೆ ಮಸುಕಾಗಿದ್ದು ನಂತರ ಸ್ಪಷ್ಟವಾಗುತ್ತದೆ. ಕಾರ್ಡಿನ ಸ್ವಂತ ಮೆಮೊರಿ ಸೆಕೆಂಡಿಗೆ 192 ಜಿಬಿ ದತ್ತಾಂಶ ಸಾಗಿಸಬಲ್ಲದು; ಆ 6 ಜಿಬಿ ತುಂಬಿದೊಡನೆ ಉಳಿದದ್ದು ಕಂಪ್ಯೂಟರಿನ ಮುಖ್ಯ ಮೆಮೊರಿಯಿಂದ, ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಪಿಸಿಐಇ 3.0 ದಾರಿಯಲ್ಲಿ ಬರಬೇಕು, ಅಲ್ಲಿಯ ವೇಗ ಹದಿನಾರು ಲೇನ್ (ದತ್ತಾಂಶ ಸಾಗುವ ಸಾಲು) ಇದ್ದರೂ ಸೆಕೆಂಡಿಗೆ ಸುಮಾರು 16 ಜಿಬಿ ಮಾತ್ರ. ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟ ತಗ್ಗಿಸಿ ಕೆಲಕಾಲ ನಿಭಾಯಿಸಬಹುದು. ಎಲ್ಲಕ್ಕಿಂತ ಕೆಳಗಿನ ಹಂತದಲ್ಲೂ ತಡವರಿಕೆ ನಿಲ್ಲದಿದ್ದರೆ ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನೆರಡು ಕಾರಣಗಳು ನಮ್ಮ ಕೈಯಲ್ಲಿಲ್ಲ. ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕಹಾಕುವ ರೇ ಟ್ರೇಸಿಂಗ್ ಯಂತ್ರಾಂಶವಿಲ್ಲದ 1060ರಂಥ ಕಾರ್ಡಿನಲ್ಲಿ ಈಗಿನ ಕೆಲವು ಆಟಗಳು ಆರಂಭವೇ ಆಗುವುದಿಲ್ಲ. ಜೊತೆಗೆ 1060 ಸೇರಿರುವ ಪ್ಯಾಸ್ಕಲ್ ಪೀಳಿಗೆಗೆ ಹೊಸ ಆಟಗಳಿಗೆಂದು ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹೊರತರುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ಕೊನೆಗೊಳಿಸಿದೆ. ಭದ್ರತಾ ಪರಿಷ್ಕರಣೆಗಳು 2028ರ ಅಕ್ಟೋಬರ್‌ವರೆಗೆ ಸಿಗಲಿವೆ. ಬರೀ ವಿಡಿಯೊ ನೋಡುವವರಿಗೆ, ಹಳೆಯ ಆಟಗಳಲ್ಲೇ ತೃಪ್ತರಾದವರಿಗೆ ಅಷ್ಟೇ ಸಾಕು.

ಮಾರುಕಟ್ಟೆಯ ಲೆಕ್ಕಾಚಾರವನ್ನು ನಾನು ಹೆಚ್ಚು ನಂಬುವುದಿಲ್ಲ. 2021ರ ಅಭಾವದಲ್ಲಿ ಕಾರ್ಡ್‌ಗಳು ಘೋಷಿತ ಬೆಲೆಗೆ ಸಿಗುವುದೇ ಕಷ್ಟವಾಗಿತ್ತು. 2022ರ ಸೆಪ್ಟೆಂಬರ್ 15ರಂದು ಕ್ರಿಪ್ಟೊ ಜಾಲವಾದ ಇಥೀರಿಯಂ ತನ್ನ ಪದ್ಧತಿ ಬದಲಿಸಿ, ಗ್ರಾಫಿಕ್ಸ್ ಕಾರ್ಡ್‌ಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವ ಮೈನಿಂಗ್ ಕೈಬಿಟ್ಟಿತು, ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಕಾರ್ಡ್‌ಗಳು ಹರಿದು ಬಂದವು. ಇಂಥವುಗಳಿಗಾಗಿ ಕಾದು ಕೂರುವುದಾದರೆ ಕೊಳ್ಳುವ ದಿನ ಬರುವುದೇ ಇಲ್ಲ. ಬಿಡುಗಡೆಯ ಮೊದಲ ವಾರಗಳ ನೂಕುನುಗ್ಗಲು ತಪ್ಪಿಸಿಕೊಂಡರೆ ಸಾಕು.

ನನ್ನ ಮಟ್ಟಿಗೆ ಆ ಹೊತ್ತು ಬಂದಿದೆ. ಮದರ್‌ಬೋರ್ಡ್ ಹಳೆಯ ಪಿಸಿಐಇ 3.0ರದಾದ್ದರಿಂದ ಎಂಟೇ ಲೇನ್ ಬಳಸುವ, 8 ಜಿಬಿಯ ಆರ್‌ಟಿಎಕ್ಸ್ 4060ರಂಥದ್ದನ್ನು ಬಿಟ್ಟಿದ್ದೇನೆ: ಮೆಮೊರಿ ತುಂಬಿದಾಗ ಅದಕ್ಕೆ ಸಿಗುವ ದಾರಿ ಈಗಿನದಕ್ಕಿಂತ ಅರ್ಧ. ಹದಿನಾರು ಲೇನ್‌ಗಳನ್ನೂ ಬಳಸುವ, 16 ಜಿಬಿಯ ಎಎಂಡಿ ಕಂಪನಿಯ ರೇಡಿಯಾನ್ ಆರ್‌ಎಕ್ಸ್ 9060 ಎಕ್ಸ್‌ಟಿ ಕಡೆಗೆ ಮನಸ್ಸು ವಾಲಿದೆ. ಕೊಳ್ಳುವ ಮೊದಲು ಪವರ್ ಸಪ್ಲೈಯ ಸಾಮರ್ಥ್ಯವನ್ನೂ ಕ್ಯಾಬಿನೆಟ್‌ನೊಳಗೆ ಕಾರ್ಡಿನ ಉದ್ದಕ್ಕೆ ಇರುವ ಜಾಗವನ್ನೂ ಅಳೆದು ನೋಡುವುದು ಬಾಕಿ ಇದೆ.