ಅಡ್ಜಸ್ಟಬಲ್ ಕ್ಯಾಮ್ ಗೇರ್ ತಗೊಳ್ಳುವ ಮುನ್ನ

ಎಂಜಿನ್ ವಾಲ್ವ್‌ಗಳನ್ನು ತೆರೆಯುವ ದಂಡ ಕ್ಯಾಮ್‌ಶಾಫ್ಟ್; ಅದರ ತುದಿಯ ಹಲ್ಲಿನ ಚಕ್ರವೇ ಕ್ಯಾಮ್ ಗೇರ್. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ನಿಂದ ಬೆಲ್ಟ್ ಇದನ್ನು ಓಡಿಸುತ್ತದೆ. ಅಡ್ಜಸ್ಟಬಲ್ ಗೇರ್ ಅಂದರೆ ಒಳಗೊಂದು ಹಬ್, ಹೊರಗೆ ಹಲ್ಲಿನ ಉಂಗುರ, ಎರಡನ್ನೂ ಬಿಗಿದು ಹಿಡಿಯುವ ಐದಾರು ಅಲೆನ್ ಬೋಲ್ಟ್. ಬೋಲ್ಟ್ ಸಡಿಲಿಸಿದರೆ ಬೆಲ್ಟ್ ಬಿಚ್ಚದೆಯೇ ಕ್ಯಾಮ್‌ಶಾಫ್ಟನ್ನು ಕೆಲವು ಡಿಗ್ರಿ ಹಿಂದೆಮುಂದೆ ಸರಿಸಬಹುದು. ಮಾಮೂಲಿ ಗೇರ್‌ನಲ್ಲಿ ಆ ನಯ ಸಿಗದು. 40 ಹಲ್ಲಿನ ಗೇರ್‌ನಲ್ಲಿ ಬೆಲ್ಟ್ ಒಂದು ಹಲ್ಲು ದಾಟಿಸಿದರೆ ಕ್ಯಾಮ್ 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ ಸರಿದುಬಿಡುತ್ತದೆ. ಟ್ಯೂನಿಂಗ್‌ಗೆ ಬೇಕಾಗುವುದು ಎರಡೋ ನಾಲ್ಕೋ ಡಿಗ್ರಿ.

ಕಂಪನಿ ಕ್ಯಾಮ್ ಇಟ್ಟುಕೊಂಡು ಇದೊಂದರಿಂದಲೇ ಪವರ್ ಏರುತ್ತದೆ ಅಂದುಕೊಂಡವರು ದುಡ್ಡು ಉಳಿಸಿಕೊಳ್ಳಿ. ಇನ್‌ಟೇಕ್ ಕ್ಯಾಮ್ ಅಡ್ವಾನ್ಸ್ ಮಾಡಿದರೆ, ಅಂದರೆ ಮುಂಚಿತವಾಗಿಸಿದರೆ, ಗಾಳಿ ಒಳಬಿಡುವ ವಾಲ್ವ್ ಬೇಗ ಮುಚ್ಚುತ್ತದೆ, ಒಳಗೆ ಬಂದ ಗಾಳಿ ವಾಪಸ್ ತಳ್ಳಿಸಿಕೊಳ್ಳುವುದು ಕಡಿಮೆಯಾಗಿ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಸುಧಾರಿಸುತ್ತದೆ. ಅದರ ಬೆಲೆಯನ್ನು ಮೇಲಿನ ಆರ್‌ಪಿಎಂನಲ್ಲಿ ತೆರಬೇಕು. ರಿಟಾರ್ಡ್ ಮಾಡಿದರೆ, ಅಂದರೆ ತಡವಾಗಿಸಿದರೆ, ಇದೇ ಉಲ್ಟಾ. ಎರಡು ಕ್ಯಾಮ್‌ನ ಎಂಜಿನ್ನಾದರೆ ಓವರ್‌ಲ್ಯಾಪ್ (ಇನ್‌ಟೇಕ್ ವಾಲ್ವ್, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಅವಧಿ) ಕೂಡ ಕೈಗೆ ಸಿಗುತ್ತದೆ. ಒಂದೇ ಕ್ಯಾಮ್ ಇದ್ದರೆ ಎಲ್ಲವೂ ಒಟ್ಟಿಗೇ ಸರಿಯುವುದರಿಂದ ಓವರ್‌ಲ್ಯಾಪ್ ಇದ್ದಷ್ಟೇ ಇರುತ್ತದೆ.

ಈ ಗೇರ್ ನಿಜಕ್ಕೂ ಬೇಕಾಗುವುದು ಹೆಡ್ ಫೇಸಿಂಗ್ (ಸಿಲಿಂಡರ್ ಹೆಡ್‌ನ ತಳ ಕೆತ್ತಿ ಸಮ ಮಾಡುವುದು) ಮಾಡಿಸಿದ ಎಂಜಿನ್‌ಗೆ, ಇಲ್ಲವೇ ಬೇರೆ ಪ್ರೊಫೈಲ್‌ನ ಕ್ಯಾಮ್ ಹಾಕಿದಾಗ. ಹೆಡ್ ತಗ್ಗಿದರೆ ಕ್ಯಾಮ್ ಕ್ರ್ಯಾಂಕ್‌ಗೆ ಹತ್ತಿರವಾಗುತ್ತದೆ, ಸಾಮಾನ್ಯವಾಗಿ ಟೈಮಿಂಗ್ ತುಸು ರಿಟಾರ್ಡ್ ಆಗುತ್ತದೆ. ಟೈಮಿಂಗ್ ಗುರುತುಗಳು ಹೆಚ್ಚುಕಮ್ಮಿ ಕೂತಂತೆಯೇ ಕಾಣುತ್ತವೆ, ಪಿಕಪ್ ಮಾತ್ರ ಮಂದ.

ಕೊಳ್ಳುವಾಗ ಬಣ್ಣ ನೋಡಬೇಡಿ, ಬೋಲ್ಟ್ ನೋಡಿ. ಬೋಲ್ಟ್ ತಲೆಯ ಕೆಳಗೆ ದಪ್ಪ ವಾಷರ್ ಇರಬೇಕು. ಇಲ್ಲದಿದ್ದರೆ ತಲೆ ಅಲ್ಯೂಮಿನಿಯಂ ಒಳಗೆ ಹೂತು ಬಿಗಿತ ಕಳೆದುಕೊಳ್ಳುತ್ತದೆ. ಡಿಗ್ರಿ ಗುರುತು ಕ್ಯಾಮ್‌ನದೋ ಕ್ರ್ಯಾಂಕ್‌ನದೋ ಅಂತ ಕೇಳಿಯೇ ತಗೊಳ್ಳಿ. ಕ್ಯಾಮ್ ತಿರುಗುವುದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ, ಹಾಗಾಗಿ ಕ್ಯಾಮ್‌ನ 2 ಅಂದರೆ ಕ್ರ್ಯಾಂಕ್‌ನ 4. ಕೂರಿಸಿದ ಮೇಲೆ ಗೇರ್ ಅಂಚಿಗೆ ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಿ; ಓಲಾಡುತ್ತಿದ್ದರೆ ಬೆಲ್ಟ್ ಒಂದು ಪಕ್ಕಕ್ಕೆ ಸರಿದು ಅಂಚು ಸವೆಯುತ್ತದೆ.

ಗೇರ್ ಮೇಲಿನ ಸೊನ್ನೆಯನ್ನು ನಂಬಿ ಸೆಟ್ ಮಾಡಬೇಡಿ. ಕ್ರ್ಯಾಂಕ್‌ಗೆ ಡಿಗ್ರಿ ವೀಲ್ (ಡಿಗ್ರಿ ಗುರುತಿನ ತಟ್ಟೆ) ಹಾಕಿ, ಪ್ಲಗ್ ತೂತಿನಲ್ಲಿ ಪಿಸ್ಟನ್ ತಡೆಯುವ ಸ್ಟಾಪ್ ಇಟ್ಟು, ಎರಡೂ ದಿಕ್ಕಿನಿಂದ ಮೆಲ್ಲಗೆ ತಾಗಿಸಿ ನಡುಬಿಂದು ಹಿಡಿದರೆ ಅದೇ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ಅತಿ ಮೇಲಿರುವ ಬಿಂದು. ಸ್ಟಾಪ್ ತೆಗೆದು, ಇನ್‌ಟೇಕ್ ವಾಲ್ವ್ ಪೂರ್ತಿ ತೆರೆಯಲು 1.27 ಮಿಮೀ ಬಾಕಿ ಇರುವಾಗ ಡಿಗ್ರಿ ವೀಲ್‌ನಲ್ಲಿ ಒಂದು ರೀಡಿಂಗ್, ಅಷ್ಟೇ ಇಳಿದ ಮೇಲೆ ಇನ್ನೊಂದು. ಎರಡರ ಸರಾಸರಿಯೇ ಸೆಂಟರ್‌ಲೈನ್, ಅಂದರೆ ವಾಲ್ವ್ ಪೂರ್ತಿ ತೆರೆದಿರುವ ಕ್ರ್ಯಾಂಕ್ ಡಿಗ್ರಿ. ರೀಡಿಂಗ್ ತಗೊಳ್ಳುವಾಗ ಕ್ರ್ಯಾಂಕನ್ನು ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. ದಾಟಿಹೋದರೆ ಸ್ವಲ್ಪ ಹಿಂದೆ ತಂದು ನಿಲ್ಲಿಸಬೇಡಿ, ಬೆಲ್ಟ್ ಸಡಿಲಾಗಿ ರೀಡಿಂಗ್ ಸುಳ್ಳಾಗುತ್ತದೆ. ಇನ್ನೊಮ್ಮೆ ಪೂರ್ತಿ ಸುತ್ತಿ ಬನ್ನಿ.

ವಾಲ್ವ್-ಪಿಸ್ಟನ್ ಅಂತರ ಅಳೆಯದೆ ಸ್ಟಾರ್ಟರ್ ಮುಟ್ಟಬೇಡಿ. ಇನ್‌ಟೇಕ್ ವಾಲ್ವ್ ಪಿಸ್ಟನ್‌ಗೆ ಅತಿ ಹತ್ತಿರ ಬರುವುದು ಟಿಡಿಸಿ ದಾಟಿದ 10 ಡಿಗ್ರಿ ಆಸುಪಾಸಿನಲ್ಲಿ, ಎಕ್ಸಾಸ್ಟ್ ಅಷ್ಟೇ ಮೊದಲು. ಇನ್‌ಟೇಕ್‌ಗೆ 2 ಮಿಮೀ, ಬಿಸಿಗೆ ಉದ್ದವಾಗುವ ಎಕ್ಸಾಸ್ಟ್‌ಗೆ 2.5 ಮಿಮೀ ಉಳಿದರೆ ಧೈರ್ಯ. ಇನ್‌ಟೇಕ್ ಅಡ್ವಾನ್ಸ್ ಮಾಡಿದಷ್ಟೂ, ಎಕ್ಸಾಸ್ಟ್ ರಿಟಾರ್ಡ್ ಮಾಡಿದಷ್ಟೂ ಈ ಅಂತರ ಕಿರಿದಾಗುತ್ತದೆ.

ಇದರ ದೊಡ್ಡ ರೋಗ ಬೋಲ್ಟ್ ಜಾರುವುದು. ಎಣ್ಣೆ ಪಸೆ ಪೂರ್ತಿ ಒರೆಸಿ, ಎಳೆಗಳಿಗೆ ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ, ತಯಾರಕರು ಕೊಟ್ಟ ಅಳತೆಗೆ ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ. ಆಮೇಲೆ ಹಬ್‌ಗೂ ಉಂಗುರಕ್ಕೂ ಸೇರುವಂತೆ ಒಂದು ಪೇಂಟ್ ಗೆರೆ ಎಳೆದುಬಿಡಿ. ಕವರ್ ತೆಗೆದಾಗ ಗೆರೆ ಮುರಿದಿದ್ದರೆ ಗೇರ್ ಜಾರಿದೆ ಅಂತಲೇ ಅರ್ಥ.

ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಮ್‌ನಿಂದ ಓಡುವ ಎಂಜಿನ್‌ನಲ್ಲಿ ಕ್ಯಾಮ್ ಜತೆ ಇಗ್ನಿಷನ್ ಟೈಮಿಂಗೂ ಸರಿಯುತ್ತದೆ. ಟೈಮಿಂಗ್ ಲೈಟ್ ಹಿಡಿದು ಅದನ್ನು ಮೊದಲಿನ ಜಾಗಕ್ಕೆ ತರದೆ ಓಡಿಸಿ ನೋಡಿದರೆ, ಕಂಡ ವ್ಯತ್ಯಾಸ ಕ್ಯಾಮ್‌ನದೋ ಕಿಡಿಯದೋ ತಿಳಿಯುವುದಿಲ್ಲ.