ಜೀಬ್ರಾ ಎಫ್‌ಎಕ್ಸ್9600 ಆರ್‌ಎಫ್‌ಐಡಿ ರೀಡರ್: ಡಾಕ್ ಬಾಗಿಲಿಗೆ ಹಾಕೋ ಮುಂಚೆ ಇದನ್ನ ಓದಿ

ಬಿಡದಿ ಕಡೆ ಒಂದು ಆಟೋ ಪಾರ್ಟ್ಸ್ ಪ್ಲಾಂಟಲ್ಲಿ ಸ್ಟೋರ್ಸ್ ಮತ್ತೆ ಡಿಸ್ಪ್ಯಾಚ್ ನೋಡ್ಕೊಳ್ತೀನಿ. ವಸ್ತುವಿಗೆ ಅಂಟಿಸಿರೋ ಚಿಪ್ ಇರೋ ಟ್ಯಾಗನ್ನ ರೇಡಿಯೋ ಸಿಗ್ನಲಲ್ಲಿ ದೂರದಿಂದಲೇ ಓದೋ ಯಂತ್ರ ಇದು. ನಮ್ ಡಾಕ್ ಬಾಗಿಲುಗಳಿಗೆ, ಅಂದ್ರೆ ಲಾರಿಗೆ ಲೋಡ್ ಮಾಡೋ ಬಾಗಿಲುಗಳಿಗೆ, ಈ ರೀಡರ್ ಹಾಕಿದೀವಿ, ಚೆನ್ನಾಗ್ ಕೆಲ್ಸ ಮಾಡ್ತಿದೆ, ತಗೊಳ್ಳಿ ಅಂತ ಧೈರ್ಯವಾಗಿ ಹೇಳ್ತೀನಿ. ಆದ್ರೆ ರೀಡರ್ ಒಳ್ಳೇದಾದ್ರೆ ಸಾಕು ಅಂದ್ಕೊಂಡು ಪಿಓ (ಪರ್ಚೇಸ್ ಆರ್ಡರ್) ಹಾಕ್ಬೇಡಿ, ಯಾಕಂದ್ರೆ ಈ ಸಿಸ್ಟಮಲ್ಲಿ ನಿಜವಾದ ಕಷ್ಟ ಟ್ಯಾಗ್ ಓದ್ಸೋದಲ್ಲ, ಓದಬಾರದ ಟ್ಯಾಗ್ ಓದದೇ ಇರೋ ಹಾಗೆ ಮಾಡೋದು.

ನಮ್ ಸಮಸ್ಯೆ ಏನಿತ್ತು ಅಂದ್ರೆ ಬಿನ್. ಕಸ್ಟಮರ್‌ಗೆ ಪಾರ್ಟ್ಸ್ ಹೋಗೋದು ಪ್ಲಾಸ್ಟಿಕ್ ಬಿನ್‌ಗಳಲ್ಲಿ, ಖಾಲಿ ಆದ್ಮೇಲೆ ಅವು ವಾಪಸ್ ಬರ್ಬೇಕು, ಬರೋದು ಮಾತ್ರ ಯಾವತ್ತೂ ಲೆಕ್ಕಕ್ಕೆ ಕಮ್ಮಿನೇ, ಯಾರ ಹತ್ರ ಎಷ್ಟಿದೆ ಅಂತ ಎರಡೂ ಕಡೆ ಬೇರೆ ಬೇರೆ ಲೆಕ್ಕ, ಕೊನೆಗೆ ಹೊಸ ಬಿನ್ ಕೊಂಡ್ಕೊಳ್ಳೋದು ನಾವೇ. ಬಾರ್‌ಕೋಡ್ ಇತ್ತು, ಆದ್ರೆ ಲಾರಿ ನಿಂತು ಡ್ರೈವರ್ ಹಾರ್ನ್ ಹೊಡೀತಿರೋವಾಗ ಒಂದೊಂದೇ ಬಿನ್ ಹುಡುಕಿ ಸ್ಕ್ಯಾನ್ ಮಾಡೋ ತಾಳ್ಮೆ ಯಾವ ಹುಡುಗನಿಗೂ ಇರಲ್ಲ, ಅವ್ರನ್ನ ಬೈದು ಪ್ರಯೋಜನಾನೂ ಇಲ್ಲ. ಬಿನ್‌ಗೆ ಟ್ಯಾಗ್ ಹಾಕಿ ಬಾಗಿಲಲ್ಲಿ ಫಿಕ್ಸೆಡ್ ರೀಡರ್ ಇಟ್ರೆ ಫೋರ್ಕ್‌ಲಿಫ್ಟ್ ಬಾಗಿಲು ದಾಟೋವಾಗ್ಲೇ ಪೂರ್ತಿ ಸ್ಟ್ಯಾಕ್ ಓದ್ಕೊಂಬಿಡುತ್ತೆ. ಟೋಲ್‌ನಲ್ಲಿ ಫಾಸ್ಟ್ಯಾಗ್ ಓದೋದೂ ಇದೇ ಯುಎಚ್‌ಎಫ್ (ರೇಡಿಯೋ ತರಂಗದ ಒಂದು ಶ್ರೇಣಿ) ಟೆಕ್ನಾಲಜಿ, ನಮ್ ಮ್ಯಾನೇಜ್‌ಮೆಂಟ್‌ಗೆ ನಾನು ಹಾಗೇ ಹೇಳಿ ಒಪ್ಪಿಸಿದ್ದು.

ಈಗ ರೀಡರ್ ಡಬ್ಬದ ವಿಷಯ. ಅಲ್ಯುಮಿನಿಯಂ ಬಾಡಿ, ಗಟ್ಟಿಯಾಗಿದೆ, 55 ಡಿಗ್ರಿ ತನಕ ತಡ್ಕೊಳ್ಳುತ್ತೆ, ಶೀಟ್ ಮಾಡಿನ ಕೆಳಗೆ ಏಪ್ರಿಲ್ ಬಿಸಿಲಲ್ಲೂ ಒಂದ್ಸಲಾನೂ ತೊಂದ್ರೆ ಕೊಟ್ಟಿಲ್ಲ. 4 ಪೋರ್ಟ್ (ಆಂಟೆನಾ ಸಿಕ್ಕಿಸೋ ಜಾಗ) ಮತ್ತೆ 8 ಪೋರ್ಟ್ ಅಂತ ಎರಡು ಥರ ಬರುತ್ತೆ. ಅಕ್ಕಪಕ್ಕ ಎರಡು ಬಾಗಿಲಿದ್ರೆ 8 ಪೋರ್ಟಿಂದೇ ತಗೊಳ್ಳಿ, ಬಾಗಿಲಿಗೆ ನಾಲ್ಕ್ ನಾಲ್ಕ್ ಆಂಟೆನಾ ಹಾಕಿ ಒಂದೇ ರೀಡರಲ್ಲಿ ಮುಗಿಸ್ಬಹುದು. ಕರೆಂಟ್ ನೆಟ್‌ವರ್ಕ್ ಕೇಬಲಲ್ಲೇ ಹೋಗುತ್ತೆ, ಮೇಲೆ ಬೇರೆ ಪ್ಲಗ್ ಪಾಯಿಂಟ್ ಎಳೆಸೋ ತಲೆನೋವಿಲ್ಲ, ನೆಟ್‌ವರ್ಕ್ ಸ್ವಿಚ್ ಮಾತ್ರ ಪಿಓಇ ಪ್ಲಸ್ (ಕೇಬಲಲ್ಲೇ ಜಾಸ್ತಿ ಕರೆಂಟ್ ಕೊಡೋ ಥರದ್ದು) ಇರ್ಲಿ.

ಬ್ರೋಷರಲ್ಲಿ 33 ಡಿಬಿಎಂ (ಸಿಗ್ನಲ್ ಪವರಿನ ಅಳತೆ) ಪವರ್ ಅಂತ ದೊಡ್ಡದಾಗಿ ಹಾಕಿರ್ತಾರೆ, ಅದನ್ನ ನೋಡಿ ಮರುಳಾಗ್ಬೇಡಿ. ನಮ್ ದೇಶದಲ್ಲಿ ಇದಕ್ಕೆ ಅಂತ 865-867 ಮೆಗಾಹರ್ಟ್ಜ್ ಬ್ಯಾಂಡನ್ನ 2005ರಲ್ಲಿ ಲೈಸೆನ್ಸ್ ಬೇಡ ಅಂತ ಬಿಟ್ಟಿದ್ದು (ಆಮೇಲೆ 868ರ ತನಕ ವಿಸ್ತರಿಸಿದ್ರು), ಅದ್ರಲ್ಲಿ ಟ್ರಾನ್ಸ್‌ಮಿಟರ್ ಪವರ್ 1 ವ್ಯಾಟ್ ಮಿತಿ, ಅಂದ್ರೆ 30 ಡಿಬಿಎಂ, ಆಂಟೆನಾ ಸಿಗ್ನಲ್ಲನ್ನ ಒಂದೇ ದಿಕ್ಕಿಗೆ ಕೂಡಿಸೋದ್ರಿಂದ ಅದ್ರಿಂದ ಹೊರಗೆ ಬೀಳೋದಕ್ಕೆ ಮಿತಿ 4 ವ್ಯಾಟ್. ಯಾವ ಕಂಪನಿ ರೀಡರ್ ತಗೊಂಡ್ರೂ ಲೆಕ್ಕ ಇದೇ. ಇನ್ನೊಂದು, ಅಮೆರಿಕಾದಿಂದ ಸೆಕೆಂಡ್‌ಹ್ಯಾಂಡ್ ಪೀಸ್ ಕಮ್ಮಿಗೆ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ತಗೋಬೇಡಿ, ಅಲ್ಲಿನ ಬ್ಯಾಂಡ್ 902-928, ಇಲ್ಲಿ ಆ ಜಾಗದಲ್ಲಿ ಮೊಬೈಲ್ ಫೋನಿನ 900 ಬ್ಯಾಂಡ್ ಓಡ್ತಿದೆ. ಗ್ಲೋಬಲ್ ಮಾಡೆಲ್ಲೇ ಅಂತ ಪಾರ್ಟ್ ನಂಬರ್ ನೋಡಿ, ಡಬ್ಲ್ಯೂಪಿಸಿ (ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗ) ಸರ್ಟಿಫಿಕೇಟ್ ಕಾಪಿ ಕೇಳಿ ಇಸ್ಕೊಳ್ಳಿ.

ಕೇಬಲಲ್ಲಿ ದುಡ್ಡು ಉಳಿಸೋಕೆ ಹೋಗ್ಬೇಡಿ. ರೀಡರಿಂದ ಆಂಟೆನಾಗೆ ಎಲ್‌ಎಂಆರ್-240 ಕೇಬಲ್ 10 ಮೀಟರ್ ಎಳೆದ್ರೆ ಸುಮಾರು 2.5 ಡಿಬಿ (ಸಿಗ್ನಲ್ ನಷ್ಟದ ಅಳತೆ) ದಾರೀಲೇ ಹೋಗುತ್ತೆ, 3 ಡಿಬಿ ಅಂದ್ರೆ ಅರ್ಧ ಪವರ್, ನೀವೇ ಲೆಕ್ಕ ಹಾಕಿ. ಅಷ್ಟೇ ಉದ್ದಕ್ಕೆ ಎಲ್‌ಎಂಆರ್-400 ಹಾಕಿದ್ರೆ 1.3ರ ಆಸುಪಾಸು. ದಪ್ಪ ಇರುತ್ತೆ, ಬಗ್ಗಿಸೋದು ಕಷ್ಟ, ಆದ್ರೂ ಅದೇ ಹಾಕ್ಸಿ.

ಇನ್ನು ಮುಖ್ಯ ವಿಷಯ. ನಮಗೆ ಇನ್‌ಸ್ಟಾಲ್ ಮಾಡೋಕೆ ಬಂದ ಪಾರ್ಟಿ ಎಲ್ಲಾ ಆಂಟೆನಾಗೂ ಫುಲ್ ಪವರ್ ಇಟ್ಟು ನೋಡಿ ಸಾರ್ ಎಲ್ಲಾ ಓದ್ತಿದೆ ಅಂತ ತೋರ್ಸಿ ಹೋದ್ರು. ಓದ್ತಿತ್ತು ನಿಜ, ಬಾಗಿಲು ದಾಟ್ತಿರೋದನ್ನೂ ಓದ್ತಿತ್ತು, ಪಕ್ಕದಲ್ಲಿ ನಾಳೆ ಲೋಡಿಗೆ ಅಂತ ಜೋಡಿಸಿಟ್ಟಿದ್ದನ್ನೂ ಓದ್ತಿತ್ತು, ಸಿಸ್ಟಮಲ್ಲಿ ಡಿಸ್ಪ್ಯಾಚ್ ಆಗಿದೆ ಅಂತ ಇರೋ ಬಿನ್ ಕಣ್ಮುಂದೆ ನೆಲದ ಮೇಲೆ ಇರೋದು. ಸುತ್ತ ಕಬ್ಬಿಣ ಇದ್ರೆ ಸಿಗ್ನಲ್ ಎಲ್ಲೆಲ್ಲೋ ಬಡಿದು ಎಲ್ಲೆಲ್ಲಿಗೋ ಹೋಗುತ್ತೆ. ಆಮೇಲೆ ನಮ್ ಮೆಂಟೆನೆನ್ಸ್ ಹುಡುಗ್ರೇ ಕೂತು ಸರಿ ಮಾಡಿದ್ರು: ಪವರ್ ಇಳಿಸಿದ್ರು, ಆಂಟೆನಾಗಳನ್ನ ಒಳಮುಖ ಮಾಡಿ ಸ್ವಲ್ಪ ಕೆಳಕ್ಕೆ ಬಾಗಿಸಿದ್ರು, ಬಾಗಿಲಿಗೆ ಫೋಟೋ ಸೆನ್ಸರ್ ಹಾಕಿ ಅದನ್ನ ರೀಡರಿನ ಜಿಪಿಐಓಗೆ (ಸೆನ್ಸರ್, ಲೈಟ್ ಥರದ್ದು ಜೋಡಿಸೋ ಕನೆಕ್ಷನ್) ಕೊಟ್ಟು ಫೋರ್ಕ್‌ಲಿಫ್ಟ್ ಬಂದಾಗ ಮಾತ್ರ ಓದೋ ಹಾಗೆ ಮಾಡಿದ್ರು, ಸಿಗ್ನಲ್ ತೀರಾ ವೀಕ್ ಇರೋ ಟ್ಯಾಗನ್ನ ಬಿಟ್ಬಿಡೋಕೆ ಒಂದ್ ಫಿಲ್ಟರ್ ಇಟ್ರು. ಅದೇ ಜಿಪಿಐಓ ಔಟ್‌ಪುಟ್ಟಿಗೆ ಲೈಟ್ ಟವರ್ ಕೊಟ್ಟಿದಾರೆ, ಚಲನ್ ಲೆಕ್ಕ ತಾಳೆ ಆದ್ರೆ ಹಸಿರು, ಇಲ್ಲಾಂದ್ರೆ ಕೆಂಪು, ಕೆಂಪು ಬಂದ್ರೆ ಗಾಡಿ ನಿಲ್ಸೋದೇ.

ಸೆಷನ್ ಸೆಟ್ಟಿಂಗ್ ಕೂಡ ನೋಡ್ಕೊಳ್ಳಿ, ಒಂದ್ಸಲ ಓದಿದ ಟ್ಯಾಗ್ ಮತ್ತೆ ಯಾವಾಗ ಉತ್ರ ಕೊಡ್ಬೇಕು ಅನ್ನೋದು ಅದ್ರಿಂದ ತೀರ್ಮಾನ ಆಗುತ್ತೆ. ಎಸ್0 ಇಟ್ರೆ ಹತ್ರ ಇರೋ ಟ್ಯಾಗ್‌ಗಳೇ ಪದೇ ಪದೇ ಉತ್ರ ಕೊಡ್ತಾ ಇರ್ತವೆ, ಸ್ಟ್ಯಾಕ್ ಮಧ್ಯದಲ್ಲಿ ಸಿಕ್ಕಾಕೊಂಡಿರೋದಕ್ಕೆ ಸರದಿ ಬರೋದೇ ಕಷ್ಟ. ಎಸ್2 ಇಟ್ರೆ ಒಂದ್ಸಲ ಓದಿಸ್ಕೊಂಡ ಟ್ಯಾಗ್ ಸ್ವಲ್ಪ ಹೊತ್ತು ಸುಮ್ನಿರುತ್ತೆ, ಉಳಿದವು ಬರ್ತವೆ. ಗಾಡಿ ಒಳಗ್ ಬಂತಾ ಹೊರಗ್ ಹೋಯ್ತಾ ಅಂತ ತಿಳೀಬೇಕಾದ್ರೆ ಮಾತ್ರ ಒಂದೇ ಟ್ಯಾಗ್ ಹಲವು ಸಲ ಓದ್ಬೇಕಾಗುತ್ತೆ, ಆಗ ಎಸ್2 ಆಗಿ ಬರಲ್ಲ.

ಟ್ಯಾಗ್ ವಿಷ್ಯದಲ್ಲಿ ಎರಡೇ ಮಾತು. ಕಬ್ಬಿಣದ ಟ್ರಾಲಿಗೆ ಸಾದಾ ಸ್ಟಿಕ್ಕರ್ ಟ್ಯಾಗ್ ಅಂಟಿಸಿದ್ರೆ ಓದಲ್ಲ, ಆನ್-ಮೆಟಲ್ ಟ್ಯಾಗೇ ಬೇಕು, ರೇಟ್ ಜಾಸ್ತಿ. ಪಾರ್ಟ್ಸ್‌ಗೆ ತುಕ್ಕು ಹಿಡೀದೇ ಇರ್ಲಿ ಅಂತ ಹಚ್ಚೋ ಆಯಿಲ್ ಇಂದ ಅಂಥಾ ತೊಂದ್ರೆ ಇಲ್ಲ, ಆದ್ರೆ ನೀರು ಬೆರೆಸಿದ ಕೂಲಂಟ್ ಒದ್ದೆ ಇರೋ ಬಿನ್ ಆದ್ರೆ ರೀಡಿಂಗ್ ಬಿದ್ದೋಗುತ್ತೆ, ನೀರು ಸಿಗ್ನಲ್ ನುಂಗುತ್ತೆ.

ಸಾಫ್ಟ್‌ವೇರ್ ಕಡೆಯಿಂದ ಖುಷಿ ಆಗಿರೋದು ಎಲ್‌ಎಲ್‌ಆರ್‌ಪಿ ಸಪೋರ್ಟ್ ಇರೋದು, ಅದು ರೀಡರ್ ಜೊತೆ ಸಾಫ್ಟ್‌ವೇರ್ ಮಾತಾಡೋಕೆ ಹಲವು ಕಂಪನಿಯೋರು ಒಪ್ಕೊಂಡಿರೋ ಪ್ರೋಟೋಕಾಲ್, ನಾಳೆ ವೆಂಡರ್ ಬದಲಾದ್ರೂ ರೀಡರ್ ಮೂಲೆಗೆ ಬೀಳಲ್ಲ. ಎಂಕ್ಯೂಟಿಟಿಲೂ (ಡೇಟಾ ಕಳ್ಸೋ ಇನ್ನೊಂದು ಪ್ರೋಟೋಕಾಲ್) ಡೇಟಾ ಕಳ್ಸುತ್ತೆ, ನಮ್ ಇಆರ್‌ಪಿ (ಕಂಪನಿ ಲೆಕ್ಕಪತ್ರದ ಸಾಫ್ಟ್‌ವೇರ್) ನೋಡ್ಕೊಳ್ಳೋ ಮೇಡಂಗೆ ಅದೇ ಅನುಕೂಲ ಆಯ್ತು.

ಕೊರತೆ ಅಂದ್ರೆ ಧೂಳು-ನೀರು ತಡ್ಕೊಳ್ಳೋದ್ರಲ್ಲಿ ಇದ್ರ ರೇಟಿಂಗ್ ಐಪಿ53 ಅಷ್ಟೇ, ಮಳೆ ನೇರ ಬೀಳೋ ಓಪನ್ ಯಾರ್ಡಿಗೆ ಹಾಗೇ ಹಾಕೋ ಐಟಂ ಅಲ್ಲ, ಇನ್ನೊಂದು ವಾಟರ್‌ಪ್ರೂಫ್ ಡಬ್ಬದೊಳಗೆ ಇಡ್ಬೇಕು, ಇಲ್ಲಾಂದ್ರೆ ಅವ್ರದೇ ಎಫ್‌ಎಕ್ಸ್‌ಆರ್90 ನೋಡಿ. ಒಂದೇ ಒಂದು ಸಣ್ಣ ಕನ್ವೇಯರಿಗೆ ಎರಡು ಆಂಟೆನಾ ಸಾಕು ಅನ್ನೋರಿಗೂ ಇದು ದುಂದು. ಆಂಟೆನಾ, ಕೇಬಲ್, ಬ್ರಾಕೆಟ್ ಎಲ್ಲಾ ಬೇರೆ ಬಿಲ್ಲು, ಕೊಟೇಶನ್ ಓದೋವಾಗ ರೀಡರ್ ರೇಟ್ ಒಂದೇ ನೋಡ್ಬೇಡಿ.

ಡೆಮೋ ನಿಮ್ ಬಾಗಿಲಲ್ಲೇ, ಪಾರ್ಟ್ಸ್ ತುಂಬಿದ ನಿಮ್ ಬಿನ್ನಲ್ಲೇ, ನಿಮ್ ಫೋರ್ಕ್‌ಲಿಫ್ಟ್ ಸ್ಪೀಡಲ್ಲೇ ಆಗ್ಬೇಕು ಅಂತ ಹಟ ಹಿಡೀರಿ, ಎಸಿ ರೂಮಲ್ಲಿ ಟೇಬಲ್ ಮೇಲೆ ನಾಲ್ಕ್ ಟ್ಯಾಗ್ ಇಟ್ಟು ತೋರ್ಸಿದ್ರೆ ಒಪ್ಕೋಬೇಡಿ. ಪಿಓದಲ್ಲಿ ಎರಡೂ ಬರೆಸಿ, ದಾಟಿದ್ದೆಲ್ಲಾ ಓದ್ಬೇಕು ಅಂತಾನೂ, ಪಕ್ಕದಲ್ಲಿ ನಿಂತಿರೋದನ್ನ ಓದಬಾರದು ಅಂತಾನೂ, ಕೊನೇ ಪೇಮೆಂಟ್ ಈ ಎರಡೂ ಟೆಸ್ಟ್ ಪಾಸ್ ಆದ್ಮೇಲೇನೇ ಅಂತ.